ಬರಿಗೈಯಲ್ಲಿ ಮರಳಿದ ರಾತ್ರಿ

ಮೂವತ್ತು ವರ್ಷಕ್ಕೂ ಮಿಗಿಲಾಗಿ ರಕ್ತದ ಪಾಠ ಮಾಡಿದವನು ನಾನು. ಕೆಂಪು ರಕ್ತಕಣ, ಬಿಳಿ ರಕ್ತಕಣ, ಕಿರುತಟ್ಟೆ, ಪ್ಲಾಸ್ಮಾ ಎಂದು ಕಪ್ಪುಹಲಗೆಯ ಮೇಲೆ ಬರೆದು, 1901ರಲ್ಲಿ ರಕ್ತದ ಗುಂಪುಗಳನ್ನು ಗುರುತಿಸಿದ ಲ್ಯಾಂಡ್‌ಸ್ಟೈನರ್ ಹೆಸರನ್ನು ನಿಮ್ಮಲ್ಲಿ ಹಲವರಿಂದ ಹತ್ತು ಬಾರಿ ಬರೆಸಿದ್ದೂ ಉಂಟು. ಆ ಜ್ಞಾನದ ಆಳವೆಷ್ಟೆಂಬುದು ತಿಳಿದದ್ದು 2019ರ ಮಳೆಗಾಲದಲ್ಲಿ, ನನ್ನ ತಂಗಿಯ ಮಗ ಡೆಂಗಿಯಿಂದ ಮಲಗಿದಾಗ.

ಐದನೆಯ ದಿನ ಅವನ ಕಿರುತಟ್ಟೆಗಳ ಎಣಿಕೆ 22,000ಕ್ಕೆ ಇಳಿಯಿತು. ಆಸ್ಪತ್ರೆಯ ಪಡಸಾಲೆಯಲ್ಲಿ ಹತ್ತು ಮಂದಿ ನೆಂಟರು. ಎಲ್ಲರ ಬಾಯಲ್ಲೂ ‘ಪ್ಲೇಟ್‌ಲೆಟ್ ಇನ್ನೂ ಏಕೆ ಏರಿಸಿಲ್ಲ?’ ಎಂಬ ಒಂದೇ ಪ್ರಶ್ನೆ. ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವನು ನಾನೇ. ಎಳೆಯ ವೈದ್ಯರು ಕೊನೆಗೆ ನಾಲ್ಕು ಯೂನಿಟ್‌ಗೆ ಚೀಟಿ ಬರೆದುಕೊಟ್ಟರು.

ರಕ್ತನಿಧಿಯಲ್ಲಿದ್ದ ವೈದ್ಯೆ ಚೀಟಿ ನೋಡಿ, “ವಸಡಿನಲ್ಲಿ, ಮೂಗಿನಲ್ಲಿ ರಕ್ತ ಬಂದಿದೆಯೇ? ಮಲ ಕಪ್ಪಾಗಿದೆಯೇ?” ಎಂದು ಕೇಳಿದರು. ಇಲ್ಲವೆಂದೆ. ಅವರು ಗಾಜಿನಾಚೆ ಬೆರಳು ತೋರಿದರು. ಒಂದು ಯಂತ್ರದಲ್ಲಿ ಹಳದಿ ಬಣ್ಣದ ಚೀಲಗಳು ತೊಟ್ಟಿಲ ಕೂಸಿನಂತೆ ತೂಗುತ್ತಿದ್ದವು. ಒಬ್ಬರು ಕೊಟ್ಟ ರಕ್ತವನ್ನು ಗಿರ್ರನೆ ತಿರುಗಿಸಿ ಮೂರು ಭಾಗ ಮಾಡುತ್ತಾರಂತೆ. ಕೆಂಪು ಕಣಗಳು 2ರಿಂದ 6 ಡಿಗ್ರಿ ತಂಪಿನಲ್ಲಿ 42 ದಿನ ಬಾಳುತ್ತವೆ. ಹೆಪ್ಪುಗಟ್ಟಿಸಿಟ್ಟ ಪ್ಲಾಸ್ಮಾ ಒಂದು ವರ್ಷ. ಕಿರುತಟ್ಟೆಗಳಿಗೆ ಮಾತ್ರ 20ರಿಂದ 24 ಡಿಗ್ರಿ ಬೇಕು, ಬಿಡದೆ ತೂಗಬೇಕು. ಆಯುಸ್ಸು ಐದೇ ದಿನ.

“ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವೊಂದಕ್ಕೆ ರಾತ್ರಿ ಇವು ಬೇಕಾಗಬಹುದು. ರಕ್ತಸ್ರಾವವಿಲ್ಲದಿದ್ದರೆ ನಿಮ್ಮ ಹುಡುಗನಿಗೆ 10,000ದವರೆಗೆ ಕಾಯಬಹುದು. ಡೆಂಗಿಯಲ್ಲಿ ಭಯ ನಾಳಗಳಿಂದ ನೀರಿನಂಶ ಸೋರುವುದರದು; ರಕ್ತದೊತ್ತಡ ನೋಡಬೇಕು, ರಕ್ತ ಗಟ್ಟಿಯಾಗುತ್ತಿದೆಯೇ ಎಂದು ನೋಡಬೇಕು” ಎಂದರು.

ಹಾಗಿದ್ದರೆ ವೈದ್ಯರಿಗೆ ಇದು ತಿಳಿಯದೇ ಎಂದು ನಾನು ಸಿಡುಕಿದೆ. “ಓದಿರುತ್ತಾರೆ ಸರ್. ನೆಂಟರು ಸುತ್ತುವರಿದಾಗ ಓದಿದ್ದನ್ನು ಹೇಳಲು ಧೈರ್ಯ ಬೇಕು. ಸುಸ್ತಿಗೆ ಪ್ಲಾಸ್ಮಾ ಕೇಳುವ ಚೀಟಿಯೂ ನನಗೆ ಬರುತ್ತದೆ. ಹಿಮೋಗ್ಲೋಬಿನ್ 9 ಇದ್ದು ಆರಾಮವಾಗಿರುವವರಿಗೆ ‘ಶಕ್ತಿಗಿರಲಿ’ ಎಂದು ಒಂದು ಯೂನಿಟ್ ರಕ್ತ. ಅಂಥವರಲ್ಲಿ ಹೆಚ್ಚಿನವರಿಗೆ 7ರವರೆಗೆ ಅದರ ಅಗತ್ಯವಿಲ್ಲ.” ಅನ್ಯರ ರಕ್ತದಿಂದ ಜ್ವರ, ನವೆ, ಒಮ್ಮೊಮ್ಮೆ ಪ್ರಾಣಾಪಾಯವೂ ಆದೀತೆಂದು ಸೇರಿಸಿದರು. ಬಳಿಕ ವಾರ್ಡಿಗೆ ಫೋನ್ ಮಾಡಿದರು. ಆಚೆಯ ದನಿ ನನಗೂ ಕೇಳಿಸಿತು: “ಗೊತ್ತು ಮೇಡಂ, ಮನೆಯವರು ಒಪ್ಪುತ್ತಿಲ್ಲ.”

ಮನೆಯವರೆಂದರೆ ನಾನು.

ಸ್ರಾವ ಕಂಡರೆ ಕೂಡಲೇ ಕೊಡುವುದೆಂದು ಇಬ್ಬರು ವೈದ್ಯರೂ ಮಾತಾಡಿಕೊಂಡರು. ನಾನು ಬರಿಗೈಯಲ್ಲಿ ಮರಳಿದೆ. ತಂಗಿ ನನ್ನ ಕೈ ನೋಡಿದಳು, ಮುಖ ನೋಡಿದಳು, ಮಾತಾಡಲಿಲ್ಲ. ಆ ವೈದ್ಯರು ರಾತ್ರಿಯಿಡೀ ಎರಡು ಗಂಟೆಗೊಮ್ಮೆ ಬಂದು ನಾಡಿ, ಒತ್ತಡ ನೋಡಿದರು. ಸಲೈನ್ ಹನಿಗಳನ್ನು ಹೆಚ್ಚುಕಡಿಮೆ ಮಾಡಿದರು. ಬೆಳಿಗ್ಗೆ ಎಣಿಕೆ 17,000. ನನ್ನ ಎದೆ ಕುಸಿಯಿತು. ಮರುದಿನ 26,000, ಅದರಾಚೆಯ ದಿನ 51,000. ಹುಡುಗ ಇಡ್ಲಿ ಕೇಳಿದ.

ಆ ಎಳೆಯ ವೈದ್ಯರ ಬಳಿ ಕ್ಷಮೆ ಕೇಳಿದೆ. ಅವರು ನಕ್ಕು, ತಮ್ಮ ವಿಜ್ಞಾನದ ಮೇಷ್ಟ್ರೂ ಹೀಗೆಯೇ ಗದರುತ್ತಿದ್ದರೆಂದರು.

ಹೋದ ವಾರ ಬಂಧುವೊಬ್ಬರು ಫೋನ್ ಮಾಡಿ, ಎಣಿಕೆ 30,000, ಪ್ಲೇಟ್‌ಲೆಟ್ ಕೊಡುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಎಲ್ಲಾದರೂ ರಕ್ತ ಬರುತ್ತಿದೆಯೇ, ವೈದ್ಯರು ಏನೆನ್ನುತ್ತಾರೆ ಎಂದು ವಿಚಾರಿಸಿದೆ. “ನಿಮಗೇನು, ಪಾಠ ಹೇಳುತ್ತೀರಿ” ಎಂದು ಫೋನ್ ಇಟ್ಟುಬಿಟ್ಟರು. ಸಂಜೆ ನಾನೇ ಆಸ್ಪತ್ರೆಗೆ ಹೋಗಿ ಅವರ ಪಕ್ಕದಲ್ಲಿ ಕುಳಿತೆ.