ತೆಂಗಿನ ನಾರಿನ ಸಿಂಗಳೀಕ

ಕಾಡುಪ್ರಾಣಿಯ ಚಿತ್ರ ಬರೆಯಿರಿ ಎಂದರೆ ನಮ್ಮ ಮಲೆನಾಡಿನ ಶಾಲೆಯ ಮಕ್ಕಳೂ ಜಿರಾಫೆ, ಜೀಬ್ರಾಗಳನ್ನೇ ಬರೆಯುತ್ತಾರೆ. ಟಿವಿಯಲ್ಲಿ ಕಂಡದ್ದು ಅವನ್ನೇ ತಾನೆ! ಅದಕ್ಕೇ ಈ ಸಲ ಕರಕುಶಲ ತರಗತಿಯಲ್ಲಿ ಸಿಂಗಳೀಕ ಮಾಡಿಸಿದೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇದು ಇಲ್ಲ. ಶರಾವತಿ ಕಣಿವೆಯಲ್ಲಿ 2019ರಲ್ಲಿ ಇದರ ಹೆಸರಿನಲ್ಲೇ ಅಭಯಾರಣ್ಯವಾಗಿದೆ.

ರಟ್ಟಿನ ಮುಖಕ್ಕೆ ಮಸಿ ಬಳಿದೆವು. ಕೆನ್ನೆಯ ಸುತ್ತಲಿನ ಬೂದುಗೂದಲಿಗೆ ಒಲೆಬೂದಿ ಹಚ್ಚಿದ ತೆಂಗಿನ ನಾರು. ಬಾಲದ ತುದಿಗೆ ಮರೆಯದೆ ಕುಚ್ಚು ಕಟ್ಟಿಸಿದೆ. ಸಿಂಹಬಾಲದ ಕೋತಿ ಎಂಬ ಹೆಸರು ಬಂದದ್ದೇ ಅದರಿಂದ.

ಸಿಂಗಳೀಕದ ಬದುಕು ಹೆಚ್ಚಾಗಿ ಮರದ ಮೇಲೆಯೇ. ಹಾಗಾಗಿ ಗೋಡೆಯಿಂದ ಗೋಡೆಗೆ ಹಸಿರು ಕೊಂಬೆಗಳನ್ನು ಸಾಲಾಗಿ ಕಟ್ಟಿ, ಎಲ್ಲರ ಸಿಂಗಳೀಕಗಳನ್ನೂ ತೂಗುಹಾಕಿದೆವು. ಆಮೇಲೆ ನಾನು ನಡುವಿನ ಎರಡು ಕೊಂಬೆ ತೆಗೆದು, “ಇಲ್ಲಿ ರಸ್ತೆ ಬಂತು” ಎಂದೆ. ಗದ್ದಲ ನಿಂತಿತು.

“ಹಲಸಿನ ಮರ ಆಚೆ ಇದೆಯಲ್ಲ ಟೀಚರ್, ಹೇಗೆ ಹೋಗುತ್ತೆ?” ಐದನೇ ತರಗತಿಯ ಹುಡುಗಿ ಕೇಳಿದಳು.

“ಕೆಳಗಿಳಿದು, ವಾಹನಗಳ ನಡುವೆ ದಾಟಬೇಕು.”

ತಮಿಳುನಾಡಿನ ವಾಲ್ಪಾರೈಯಲ್ಲಿ ಸಿಂಗಳೀಕಗಳಿಗಾಗಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ. ಅದನ್ನು ನಾನು ಹೇಳಿ ಮುಗಿಸುವಷ್ಟರಲ್ಲಿ, ಆಕೆ ಜಡೆಯ ರಿಬ್ಬನ್ ಬಿಚ್ಚಿ ಆ ಕೊಂಬೆಯಿಂದ ಈ ಕೊಂಬೆಗೆ ಕಟ್ಟುತ್ತಿದ್ದಳು.