ಗಾಲ್ವೇಯಲ್ಲಿ ನನ್ನ ದುಭಾಷಿ

ಹಳೆಯ ಊರುಗಳನ್ನು ನೋಡುವ ಚಪಲ ನನಗೆ ಮೊದಲಿನಿಂದಲೂ ಉಂಟು. ಆದರೆ ಐರ್ಲೆಂಡಿನ ಪಶ್ಚಿಮ ತೀರದ ಗಾಲ್ವೇ ಎಂಬ ಊರಿಗೆ ನಾನು ಹೋದದ್ದು ಆ ಚಪಲ ಒಂದರಿಂದಲೇ ಅಲ್ಲ. ನನ್ನ ತಮ್ಮ ಅಲ್ಲಿ ವೈದ್ಯಕೀಯ ಉಪಕರಣಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಹೊರಡುವಾಗ ನಮ್ಮ ತಾಯಿ ಚಟ್ನಿಪುಡಿ ಹಪ್ಪಳಗಳ ಗಂಟಿನ ಜೊತೆಗೆ ಒಂದು ಕೆಲಸವನ್ನೂ ಕಟ್ಟಿಕೊಟ್ಟರು: "ಆ ಮಗುವಿಗೆ ನಾಲ್ಕು ಮಾತು ಕನ್ನಡ ಕಲಿಸಿ ಬಾ. ಫೋನಿನಲ್ಲಿ ನಾನು ಏನು ಕೇಳಿದರೂ ಅದು ಸುಮ್ಮನೆ ನಗುತ್ತದೆ. ನೀನು ಮೇಷ್ಟರಲ್ಲವೇನೋ?"

ಮೇಷ್ಟರೇನೋ ಹೌದು. ಬಿ.ಎ. ತರಗತಿಗೆ ಹಳಗನ್ನಡ ಪಾಠ ಹೇಳುತ್ತ ಇಪ್ಪತ್ತು ವರ್ಷ ಸವೆಸಿದ್ದೇನೆ. ಎಂಟು ವರ್ಷದ ಹುಡುಗನಿಗೆ ಹೊಸಗನ್ನಡ ಹೇಳಿಕೊಡುವುದು ಅದಕ್ಕಿಂತ ಕಷ್ಟವೆಂಬುದು ಹೋದ ಮೊದಲ ದಿನವೇ ತಿಳಿಯಿತು. ಅವನಿಗೆ ಬರುತ್ತಿದ್ದ ಕನ್ನಡ ಮಾತುಗಳು ನಾಲ್ಕು: ದೊಡ್ಡಪ್ಪ, ಅಜ್ಜಿ, ದೋಸೆ, ಬೇಡ. ನಾನು ಕನ್ನಡದ ಸುದ್ದಿ ಎತ್ತಿದಾಗಲೆಲ್ಲ ಅವನು ಬಳಸಿದ್ದು ನಾಲ್ಕನೆಯದನ್ನು.

ಬೇಸಗೆಯ ರಜೆ. ತಮ್ಮನೂ ಅವನ ಹೆಂಡತಿಯೂ ಕೆಲಸಕ್ಕೆ ಹೋದ ಮೇಲೆ ನಾನೂ ಹುಡುಗನೂ ಊರು ನೋಡಲು ಹೊರಡುತ್ತಿದ್ದೆವು. ಅಲ್ಲಿನ ಬೇಸಗೆಗೆ ಕೊಡೆ ಬೇಕು ಎಂಬುದನ್ನು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಅಟ್ಲಾಂಟಿಕ್ ಸಾಗರದ ಮಳೆ ಯಾವ ದಿಕ್ಕಿನಿಂದ ಬರುತ್ತದೆಂದು ಹೇಳಲಾಗದು. ಕೆಲವೊಮ್ಮೆ ಕೆಳಗಿನಿಂದ ಮೇಲಕ್ಕೆ ಬಂದಂತೆಯೂ ಇರುತ್ತದೆ.

ಊರು ದೊಡ್ಡದಲ್ಲ. ಕಾರಿಬ್ ಎಂಬ ಗಿಡ್ಡ ನದಿ ಮೇಲಿನ ಸರೋವರದಿಂದ ಹೊರಟು ಐದಾರು ಕಿಲೋಮೀಟರಿನಲ್ಲಿ ಸಮುದ್ರ ಸೇರಬೇಕು. ಹೊತ್ತು ಮೀರಿದವನ ಹಾಗೆ ಧಾವಿಸುತ್ತದೆ. ಅದರ ದಂಡೆಯಲ್ಲಿ, 1584ರಲ್ಲಿ ಕೋಟೆಗೋಡೆಗೆ ಸೇರಿಸಿ ಕಟ್ಟಿದ 'ಸ್ಪ್ಯಾನಿಷ್ ಕಮಾನು' ಉಳಿದುಕೊಂಡಿದೆ. ಈ ಊರನ್ನು ಬಹುಕಾಲ ಆಳಿದವರು ಹದಿನಾಲ್ಕು ವ್ಯಾಪಾರಿ ಮನೆತನಗಳವರು. ಆ ಪೈಕಿ ದೊಡ್ಡ ಕೈಯೆನಿಸಿದ ಲಿಂಚ್ ಮನೆತನದ ಕಲ್ಲಿನ ಮನೆ ಪೇಟೆಯ ನಡುವೆ ಈಗಲೂ ಇದೆ. ಈಗ ಅದು ಬ್ಯಾಂಕು. ವ್ಯಾಪಾರಿಯ ಮನೆಗೆ ಇದಕ್ಕಿಂತ ಒಳ್ಳೆಯ ಮುಪ್ಪು ಬರಲಾರದು. ಕೋಟೆಯ ಹೊರಗಿದ್ದ ನಾಡಿನ ಮಂದಿಯ ಹೆಸರುಗಳು 'ಓ' ಎಂದೋ 'ಮ್ಯಾಕ್' ಎಂದೋ ತೊಡಗುತ್ತವೆ. ಅಂಥ ಹೆಸರಿನ ಯಾರೊಬ್ಬನೂ ನಗರದ ಬೀದಿಗಳಲ್ಲಿ ಬೀಗಿಕೊಂಡು ತಿರುಗಕೂಡದೆಂದು 1518ರಲ್ಲಿ ಪುರಸಭೆ ಒಂದು ಕಾಯಿದೆಯನ್ನೇ ಮಾಡಿತ್ತು.

1320ರಲ್ಲಿ ಕಟ್ಟಿದ್ದೆನ್ನುವ ಸಂತ ನಿಕೊಲಾಸನ ಇಗರ್ಜಿಗೂ ಹೋದೆವು. ಕೊಲಂಬಸನು 1477ರಲ್ಲಿ ಇಲ್ಲಿ ಪ್ರಾರ್ಥನೆ ಮಾಡಿದ್ದನೆಂದು ಪ್ರತೀತಿ. ಒಳಗಿನ ಕೆಲವು ಶಿಲ್ಪಗಳಿಗೆ ತಲೆಯಿಲ್ಲ, ಕೆಲವಕ್ಕೆ ಕೈಯಿಲ್ಲ. 1652ರಲ್ಲಿ ಊರು ಕ್ರಾಮ್‌ವೆಲ್ಲನ ಸೈನ್ಯಕ್ಕೆ ಶರಣಾದ ಮೇಲೆ ಇಲ್ಲಿ ಕುದುರೆ ಕಟ್ಟಿದರು, ಶಿಲ್ಪ ಒಡೆದರು ಎನ್ನುತ್ತಾರೆ. ಇಂಥದನ್ನು ನೋಡಿಯೇ ಬೆಳೆದ ನಮ್ಮವರಿಗೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಆದರೆ ಹುಡುಗನಿಗೆ ಮೆಚ್ಚಿಗೆಯಾದ ವಿಗ್ರಹ ಬೇರೆ. ಐರ್ ಚೌಕದಲ್ಲಿ ಟೋಪಿಯಿಟ್ಟು ಕುಳಿತ ಒಬ್ಬ ಚಿಕ್ಕ ಮನುಷ್ಯ. ಪಾದ್ರಿಕ್ ಓ ಕನೇರ ಎಂಬ ಕಥೆಗಾರ. 1882ರಲ್ಲಿ ಇದೇ ಊರಿನಲ್ಲಿ ಹುಟ್ಟಿ ಇಂಗ್ಲಿಷನ್ನು ಬಿಟ್ಟು ಐರಿಷ್ ನುಡಿಯಲ್ಲಿ ಕಥೆ ಬರೆದವನು. ತನ್ನ ಕರಿಯ ಕತ್ತೆಮರಿಯನ್ನು ಕುರಿತು ಅವನು ಬರೆದದ್ದು ಬಹಳ ಜನಪ್ರಿಯ. ಪ್ರತಿಮೆ 1935ರದು. 1999ರಲ್ಲಿ ಕೆಲವರು ಅದರ ತಲೆ ಕಡಿದು ಹೊತ್ತೊಯ್ದರು. ತಲೆ ಸಿಕ್ಕಿತು, ಜೋಡಿಸಿದ್ದಾಯಿತು. ಮೂಲ ಪ್ರತಿಮೆ ಈಗ ವಸ್ತುಸಂಗ್ರಹಾಲಯದಲ್ಲಿದೆ, ಚೌಕದಲ್ಲಿರುವುದು 2017ರಲ್ಲಿ ಇಟ್ಟ ಕಂಚಿನ ಪ್ರತಿ. ಹುಡುಗ ಅದರ ಕತ್ತನ್ನು ಸವರಿ ಸವರಿ ಗಾಯ ಹುಡುಕಿದ.

ಅವನು ನನ್ನ ದುಭಾಷಿಯಾದದ್ದು ಅಲ್ಲೇ. ಅಲ್ಲಿನ ರಸ್ತೆಯ ಫಲಕಗಳಲ್ಲಿ ಐರಿಷ್ ಮೇಲೆ, ಇಂಗ್ಲಿಷ್ ಕೆಳಗೆ. ಗಾಲ್ವೇ ಎಂಬುದರ ಮೇಲೆ ಬರೆದಿದ್ದ ಐರಿಷ್ ಹೆಸರು ನನಗೆ ಓದಲಾಗಲಿಲ್ಲ. ಅವನು "ಗಲ್ಯಿವ್" ಎಂದು ಓದಿದ. ಶಾಲೆಯಲ್ಲಿ ಐರಿಷ್ ಕಡ್ಡಾಯವಂತೆ. ಒಂದು ವಾಕ್ಯ ಹೇಳು ಎಂದೆ. "ತಾ ಲ್ಯವರ್ ಅಗಮ್." ಅರ್ಥ? ಅವನು ಇಂಗ್ಲಿಷಿನಲ್ಲಿ ಹೇಳಿದ: ಐ ಹ್ಯಾವ್ ಎ ಬುಕ್. ಪದಪದ ಬಿಡಿಸಿ ಹೇಳಿಸಿದೆ. 'ತಾ' ಎಂದರೆ ಇದೆ, 'ಲ್ಯವರ್' ಪುಸ್ತಕ, 'ಅಗಮ್' ನನ್ನ ಹತ್ತಿರ. ಇದೆ, ಪುಸ್ತಕ, ನನ್ನ ಹತ್ತಿರ! ಕ್ರಿಯಾಪದವನ್ನು ಅವರು ಮುಂದಿಟ್ಟರು, ನಾವು ಹಿಂದಿಟ್ಟೆವು. ಆದರೆ 'ಹ್ಯಾವ್' ಎಂದು ಹಿಡಿದುಕೊಳ್ಳುವ ಮಾತು ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಹಸಿವಾದರೆ 'ಹಸಿವು ನನ್ನ ಮೇಲಿದೆ' ಎನ್ನುತ್ತಾರಂತೆ. ಭಯ, ದುಃಖ ಎಲ್ಲವೂ ಹಾಗೆಯೇ ಮೇಲೆ ಬಂದು ಕೂರುವಂಥವು. ನಮ್ಮ ಕಸುಬಿನವರಿಗೆ ಭಾಷೆಗಳ ನಡುವೆ ನೆಂಟಸ್ತಿಕೆ ಹುಡುಕುವ ಚಟ ಜಾಸ್ತಿ. ಕನ್ನಡಕ್ಕೂ ಐರಿಷ್ಷಿಗೂ ಅಂಥ ನೆಂಟಸ್ತಿಕೆ ಏನೂ ಇಲ್ಲವೆಂದು ಬಲ್ಲೆ. ಆದರೂ ಪರದೇಶದ ಬೀದಿಯಲ್ಲಿ ನಮ್ಮೂರಿನ ಮುಖ ಕಂಡಂತಾಯಿತು.

ಒಂದು ಮಧ್ಯಾಹ್ನ ಮಳೆ ಅಟ್ಟಿಸಿಕೊಂಡು ಬಂದು ನಮ್ಮನ್ನು ಹಳೆಯ ಪುಸ್ತಕದ ಅಂಗಡಿಯೊಂದರೊಳಕ್ಕೆ ನೂಕಿತು. ಅಲ್ಲಿ ಒಬ್ಬರು ಮುದುಕರು ಕುಳಿತಿದ್ದರು. ಕಪ್ಪು ಕೂದಲ ಹುಡುಗ ಫಲಕವೊಂದನ್ನು ಐರಿಷ್ಷಿನಲ್ಲಿ ಓದಿದ್ದು ಕೇಳಿ ಅವರು ಅದೇ ನುಡಿಯಲ್ಲಿ ಏನನ್ನೋ ಕೇಳಿದರು. ಹುಡುಗ ಒಂದೇ ಮಾತಿನಲ್ಲಿ ಉತ್ತರ ಕೊಟ್ಟ. "ಊಟ ಮಾಡಿದೆಯಾ ಅಂದರು. ಮಾಡಿದೆ ಅಂದೆ." ಬರೀ ಹೌದು ಎಂದರೆ ಸಾಲದೇ ಎಂದೆ. ಐರಿಷ್ಷಿನಲ್ಲಿ ಹೌದು ಎಂಬ ಮಾತೇ ಇಲ್ಲ, ಇಲ್ಲ ಎಂಬ ಮಾತೂ ಇಲ್ಲ, ಕೇಳಿದ ಕ್ರಿಯಾಪದವನ್ನೇ ತಿರುಗಿ ಹೇಳಬೇಕು ಎಂದು ಅವನು ನನಗೆ ಪಾಠ ಹೇಳಿದ. ಗುರುವಿನ ಸ್ಥಾನ ಹೀಗೆ ಬದಲಾಯಿಸಿತು.

ಮುದುಕರು ಪುಸ್ತಕ ತೋರಿಸುವುದನ್ನು ಬಿಟ್ಟು ತಮ್ಮ ಅಜ್ಜನ ಕಥೆ ಹೇಳಿದರು. ಶಾಲೆಯಲ್ಲಿ ಆ ಅಜ್ಜನ ಕೊರಳಿಗೆ ಒಂದು ಕೋಲು ಕಟ್ಟಿದ್ದರಂತೆ. ಒಂದು ಐರಿಷ್ ಮಾತಾಡಿದರೆ ಕೋಲಿಗೆ ಒಂದು ಕಚ್ಚು. ಸಂಜೆ ಕಚ್ಚುಗಳನ್ನು ಎಣಿಸಿ ಅಷ್ಟು ಪೆಟ್ಟು. ಮೇಷ್ಟರು ದುಷ್ಟರು ಎಂದೆ. "ಮನೆಯಲ್ಲಿ ಕಚ್ಚು ಹಾಕುತ್ತಿದ್ದವರು ತಾಯಿತಂದೆ," ಎಂದರು ಅವರು. 1845ರಿಂದ ಆಲೂಗಡ್ಡೆಯ ಬೆಳೆಗೆ ರೋಗ ಹತ್ತಿ ನಾಲ್ಕೈದು ವರ್ಷದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚು ಕಡಮೆ ಅಷ್ಟೇ ಜನ ಹಡಗು ಹತ್ತಿದರು. ಐರಿಷ್ ಆಡುವ ಪಶ್ಚಿಮದ ಬಡವರಿಗೇ ಪೆಟ್ಟು ಹೆಚ್ಚು. ಆಮೇಲೆ ಹುಟ್ಟಿದ ಮಗು ಬದುಕಬೇಕಾದರೆ ಅಮೆರಿಕಕ್ಕೆ ಹೋಗಬೇಕು. ಅಲ್ಲಿಗೆ ಹೋಗುವವನಿಗೆ ಬೇಕಾದದ್ದು ಇಂಗ್ಲಿಷು. ಅವ್ವ ಕಚ್ಚು ಹಾಕಿದ್ದು ದ್ವೇಷದಿಂದಲ್ಲ.

1937ರ ಸಂವಿಧಾನ ಐರಿಷ್ಷಿಗೆ ಮೊದಲನೆಯ ಅಧಿಕೃತ ಭಾಷೆಯ ಪಟ್ಟ ಕಟ್ಟಿದೆ. 'ಓ'ಗಳನ್ನೂ 'ಮ್ಯಾಕ್'ಗಳನ್ನೂ ಹೊರಗಿಟ್ಟಿದ್ದ ಇದೇ ಗಾಲ್ವೇಯಲ್ಲಿ 1928ರಿಂದ ಐರಿಷ್ ನಾಟಕಶಾಲೆ ನಡೆಯುತ್ತಿದೆ. 2022ರ ಜನಗಣತಿಯಲ್ಲಿ ಹದಿನೆಂಟು ಲಕ್ಷಕ್ಕೂ ಮೇಲ್ಪಟ್ಟು ಜನ ತಮಗೆ ಐರಿಷ್ ಬರುತ್ತದೆಂದು ಬರೆಸಿದರು. ಪಾಠಶಾಲೆಯ ಹೊರಗೆ ದಿನವೂ ಆಡುತ್ತೇವೆಂದವರು ಸುಮಾರು 72 ಸಾವಿರ. ಬರುತ್ತದೆ ಎನ್ನುವುದಕ್ಕೂ ಆಡುತ್ತೇವೆ ಎನ್ನುವುದಕ್ಕೂ ನಡುವೆ ಇಷ್ಟು ದೊಡ್ಡ ಹೊಳೆ!

ಆ ರಾತ್ರಿ ತಮ್ಮನಿಗೆ ಇದನ್ನೆಲ್ಲ ಹೇಳಿ, ಜೊತೆಗೆ ನಾಲ್ಕು ಬುದ್ಧಿಮಾತನ್ನೂ ಸೇರಿಸಿದೆ. ಅವನು ತಟ್ಟೆ ತೊಳೆಯುತ್ತಿದ್ದ. ತಿರುಗಿ ನೋಡದೆ, "ನಿನ್ನ ಮಗಳು ಯಾವ ಮಾಧ್ಯಮದಲ್ಲಿ ಓದುತ್ತಿದ್ದಾಳೆ, ಅಣ್ಣ?" ಎಂದ. ನನ್ನ ಮಗಳು ನನಗೆ ಫೋನಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸುತ್ತಾಳೆ. ನಾನೂ ಹಾಗೇ ಉತ್ತರ ಬರೆಯುತ್ತೇನೆ. ಒರೆಸುವ ಬಟ್ಟೆ ತೆಗೆದುಕೊಂಡು ತಟ್ಟೆಗಳನ್ನು ಒರೆಸಿದೆ.

ಮರುದಿನದಿಂದ ವರ್ಣಮಾಲೆ ಬಿಟ್ಟೆ. ಹುಡುಗನಿಗೆ ಅವನ ಶಾಲೆಯ ಸೂತ್ರವನ್ನೇ ಹೇಳಿದೆ: ಅಜ್ಜಿ ಕೇಳಿದ ಕ್ರಿಯಾಪದವನ್ನೇ ತಿರುಗಿ ಹೇಳು. 'ಆಯ್ತಾ' ಎಂದರೆ 'ಆಯ್ತು'. 'ಬಂದೆಯಾ' ಎಂದರೆ ಕೊನೆಯ 'ಯಾ' ಬಿಟ್ಟು 'ಬಂದೆ'. ನಮ್ಮ 'ಹೌದು' ಕೂಡ ಮೂಲದಲ್ಲಿ 'ಆಗು' ಧಾತುವಿನ ಕ್ರಿಯಾಪದವೇ ಎಂದು ವಿವರಿಸಲು ಹೊರಟೆ. "ಬೇಡ," ಎಂದ. ಅದೂ ಸರಿ.

ಭಾನುವಾರ ಊರಿನಿಂದ ಫೋನು ಬಂತು. ಹುಡುಗನನ್ನು ಮುಂದೆ ಕೂರಿಸಿದೆವು.

"ಊಟ ಆಯ್ತಾ, ಕಂದ?"

ಹುಡುಗ ನನ್ನ ಮುಖ ನೋಡಿದ. "ಆಯ್ತು," ಎಂದ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಏನು ಮಾಡಿದ್ದರೋ ಮನೆಯಲ್ಲಿ?" ಇದು ಸೂತ್ರದಲ್ಲಿ ಇರಲಿಲ್ಲ. ನಾನು ಹಿಂದಿನಿಂದ 'ಹುಳಿ' ಎಂದು ಪಿಸುಗುಟ್ಟಿದೆ. ಅವನ ನಾಲಿಗೆಗೆ ನಮ್ಮ ಳಕಾರ ಇನ್ನೂ ಒಗ್ಗಿರಲಿಲ್ಲ.

"ಹುಲಿ!" ಎಂದ, ಗಟ್ಟಿಯಾಗಿ.

ನಮ್ಮ ತಾಯಿ ಅಷ್ಟು ನಕ್ಕದ್ದನ್ನು ನಾನು ಕೇಳಿ ಬಹಳ ವರ್ಷವಾಗಿತ್ತು. "ಹುಲಿ ತಿಂದೆಯಾ?" ಎಂದರು ನಗುವಿನ ನಡುವೆ.

"ತಿಂದೆ," ಎಂದ ಹುಡುಗ.