ಚೀಟಿಯಲ್ಲಿದ್ದ ಹೆಸರು

ಮೊನ್ನೆ ಹುಕ್ಕೇರಿಯಿಂದ ಗೋಕಾಕ ಮಾರ್ಗವಾಗಿ ಮೂಡಲಗಿಗೆ ಹೋಗಿದ್ದೆ. ಏಳನೇ ತರಗತಿಯ ಮೊಮ್ಮಗಳ ಶಾಲೆಯಲ್ಲಿ ಬಹುಮಾನ ವಿತರಣೆ. ಗೋಕಾಕದಲ್ಲಿ ಇಳಿದು ಅವಳಿಗೆಂದು ಕರದಂಟು ಕಟ್ಟಿಸಿಕೊಂಡೆ.

ಓದಿನ ಬಹುಮಾನ ಅವಳಿಗೇ ಬಂತು. ಓಟ, ಕಬಡ್ಡಿಯ ಬಹುಮಾನ ಬೇರೆ ಮಕ್ಕಳಿಗೆ. ಮುಂದಾಳತ್ವಕ್ಕೆಂದು ಶಾಲಾ ಸಂಸತ್ತಿನ ಪ್ರಧಾನಿಗೂ ಒಂದು ಪದಕ. ಕೊನೆಯದು ನಡತೆಯ ಬಹುಮಾನ. ಮಕ್ಕಳೇ, ಓದಿಗೆ ಪರೀಕ್ಷೆ ಇದೆ, ಹಾಡು-ಭಾಷಣಕ್ಕೆ ಪ್ರತಿಭಾ ಕಾರಂಜಿ ಇದೆ. ನಡತೆಯನ್ನು ಅಳೆಯುವುದು ಹೇಗೆ? ಗುರುಗಳು ಎಲ್ಲರಿಗೂ ಚೀಟಿ ಕೊಟ್ಟು, "ಯಾರ ಕೈಗೆ ಕೊಟ್ಟ ರೊಕ್ಕ ಎಣಿಸದೇ ವಾಪಸ್ ತಗೋತೀರಿ?" ಎಂದು ಕೇಳಿದ್ದರಂತೆ. ಬ್ಯಾಂಕಿನಲ್ಲಿ ಪ್ರತಿ ನೋಟೂ ಎರಡು ಸಲ ಎಣಿಸಿದವನು ನಾನು. ಆ ಪ್ರಶ್ನೆಯ ತೂಕ ತಿಳಿಯಿತು. ಹೆಚ್ಚು ಚೀಟಿ ಬಂದದ್ದು ಹಿಂದಿನ ಸಾಲಿನ ಒಬ್ಬ ಹುಡುಗನಿಗೆ.

ಮರುದಿನ ಮೊಮ್ಮಗಳನ್ನು ಗೋಕಾಕ ಜಲಪಾತಕ್ಕೆ ಕರೆದೊಯ್ದೆ. ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತಿದ್ದಳು. ಆದರೆ ಹುಡುಗಿಯ ಮುಖ ಸಪ್ಪಗಿತ್ತು.

"ಅಜ್ಜಾ, ಅದೂ ನನಗ ಬರತೈತಿ ಅನ್ಕೊಂಡಿದ್ದೆ."

"ಇಲ್ಲಿಯ ನೀರು ಸದ್ದು ಮಾಡತೈತಿ, ಎಲ್ಲಾರೂ ನೋಡಾಕ ಬರ್ತಾರ. ಇದಕ್ಕೂ ಮೇಲೆ ಧೂಪದಾಳದಾಗ 1897ರಲ್ಲಿ ಕಟ್ಟಿದ ಒಡ್ಡು ಐತಿ. ಅಲ್ಲಿಂದ ಕಾಲುವೆಗೆ ಹೊಳ್ಳಿದ ನೀರು ಸದ್ದಿಲ್ಲದ ಹೊಲಕ್ಕ ಹೋಗತೈತಿ. ಎರಡೂ ಒಂದೇ ಹೊಳಿ ನೀರವ್ವಾ."

ಅವಳು ಸುಮ್ಮನಿದ್ದಳು.

"ಹೋಗಲಿ, ನೀ ಚೀಟ್ಯಾಗ ಯಾರ ಹೆಸರು ಬರದಿದ್ದಿ?"

"ಅವಂದ, ಅಜ್ಜಾ."

ಇನ್ನು ನಾನು ಹೇಳುವುದೇನೂ ಉಳಿಯಲಿಲ್ಲ. ಕರದಂಟಿನ ಪೊಟ್ಟಣ ಬಿಚ್ಚಿದೆ.